ಪ್ರಾಗ್‌ಗೆ ಆರು ದಿನ: ಮೊದಲು ಗಂಟೆ ಲೆಕ್ಕ, ಆಮೇಲೆ ಟಿಕೆಟ್

ಪ್ರಶ್ನೆ: ನಾವು ಮೈಸೂರಿನವರು. ಏಪ್ರಿಲ್ ಕೊನೆಗೆ ನಾನು, ನನ್ನ ಹೆಂಡತಿ ಮತ್ತು 70 ವರ್ಷದ ನಮ್ಮ ತಂದೆ ಯುರೋಪಿಗೆ ಹೋಗಬೇಕು ಅಂದುಕೊಂಡಿದ್ದೇವೆ. ರಜೆ ಸಿಗೋದು ಆರೇ ದಿನ. ತಂದೆಯವರು ಜಾವಾ ಮೋಟಾರ್ ಸೈಕಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು, ಪ್ರಾಗ್ ನೋಡಬೇಕು ಅನ್ನೋದು ಅವರ ಹಳೇ ಆಸೆ. ಏಜೆಂಟರು ಅದೇ ಆರು ದಿನದಲ್ಲಿ ವಿಯೆನ್ನಾ, ಬುಡಾಪೆಸ್ಟ್ ಕೂಡ ಸೇರಿಸಿಕೊಡ್ತೀನಿ ಅಂತಿದ್ದಾರೆ. ತಂದೆಗೆ ಮಂಡಿ ನೋವಿದೆ. ಮೂವರೂ ಸಸ್ಯಾಹಾರಿಗಳು. ಯಾವ ಫ್ಲೈಟ್ ಹಿಡಿಯೋದು, ವೀಸಾಕ್ಕೆ ಯಾವಾಗ ಅರ್ಜಿ ಹಾಕೋದು, ಅಲ್ಲಿ ಏನು ನೋಡೋದು, ಏನು ಬಿಡೋದು?

ಉತ್ತರ: ಮೊದಲು ಏಜೆಂಟರ ವಿಷಯ ಮುಗಿಸೋಣ. ಆರು ದಿನಕ್ಕೆ ಮೂರು ರಾಜಧಾನಿ ಬೇಡ. ಪ್ರಾಗ್ ಒಂದೇ ಸಾಕು.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನ ಇಲ್ಲ. ನಡುವೆ ಎಲ್ಲಾದರೂ ಇಳಿದು ಹತ್ತಲೇಬೇಕು. ಮೈಸೂರಿನಿಂದ ದೇವನಹಳ್ಳಿಗೆ ನಾಲ್ಕೈದು ಗಂಟೆ, ಏರ್‌ಪೋರ್ಟಿನಲ್ಲಿ ಮೂರು ಗಂಟೆ, ಆಮೇಲೆ ಎರಡು ವಿಮಾನ ಸೇರಿ 13ರಿಂದ 16 ಗಂಟೆ, ಕೊನೆಗೆ ಇಮಿಗ್ರೇಷನ್ ಸಾಲು, ಲಗೇಜು, ಟ್ಯಾಕ್ಸಿ. ಮನೆಗೆ ಬೀಗ ಹಾಕಿದ ಮೇಲೆ ಹೋಟೆಲ್ ರೂಮು ಸೇರುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಗಿರುತ್ತದೆ. ವಾಪಸ್ ಬರುವಾಗಲೂ ಅಷ್ಟೇ. ನಿಮ್ಮ ಆರು ದಿನದಲ್ಲಿ ಕೈಗೆ ಸಿಗುವುದು ಮೂರು ಪೂರ್ತಿ ದಿನ, ಜೊತೆಗೆ ಒಂದು ಅರ್ಧ ದಿನ. ಪ್ರಾಗ್‌ನಿಂದ ವಿಯೆನ್ನಾಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಇನ್ನೂ ಎರಡೂವರೆ ಗಂಟೆ. ರೈಲಿನ ಹೊತ್ತು ಇಷ್ಟೇ ತಾನೇ ಅನ್ನಿಸಬಹುದು. ಆದರೆ ಪ್ಯಾಕ್ ಮಾಡೋದು, ರೂಮು ಖಾಲಿ ಮಾಡೋದು, ಸ್ಟೇಷನ್ನಿಗೆ ಹೋಗೋದು, ಹೊಸ ಊರಲ್ಲಿ ಮಧ್ಯಾಹ್ನ ಮೂರರವರೆಗೆ ರೂಮು ಕೊಡದೆ ಕಾಯಿಸೋದು, ಎಲ್ಲ ಸೇರಿ ಪ್ರತಿ ಸಲ ಊರು ಬದಲಿಸಿದಾಗ ಅರ್ಧ ದಿನ ನುಂಗಿಹಾಕುತ್ತದೆ. ಮಂಡಿ ನೋವಿರುವವರ ಜೊತೆ ಇನ್ನೂ ಜಾಸ್ತಿ. ಮೂರು ಊರಿನ ಫೋಟೋ ಸಿಗುತ್ತದೆ, ಒಂದೂ ಊರು ಸಿಗುವುದಿಲ್ಲ.

ಹಾಗಾಗಿ ಗುರುವಾರ ಸಂಜೆ ಮನೆ ಬಿಡಿ. ಶುಕ್ರವಾರ ನಸುಕಿನ ವಿಮಾನ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪ್ರಾಗ್. ಶನಿ, ಭಾನು, ಸೋಮ ಪೂರ್ತಿ ನಿಮ್ಮದು. ಮಂಗಳವಾರ ಹೊರಟು ಬುಧವಾರ ಊರಿಗೆ. ವಾರಗಳನ್ನು ಹೀಗೇ ಇಟ್ಟುಕೊಂಡು ಹೇಳುತ್ತಿರುವುದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬೆಂಗಳೂರಿನಿಂದ ಹೊರಡುವ ಬಹಳಷ್ಟು ವಿಮಾನಗಳು ಮಧ್ಯರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ "24, ಬೆಳಗಿನ 3" ಅಂತಿದ್ದರೆ ನೀವು ಮನೆ ಬಿಡಬೇಕಾದದ್ದು 23ರ ಸಂಜೆ. ಓದಿದವರೂ ಇದರಲ್ಲಿ ಎಡವುತ್ತಾರೆ, 24ರ ರಾತ್ರಿ ಏರ್‌ಪೋರ್ಟಿಗೆ ಬಂದು ನಿಲ್ಲುತ್ತಾರೆ. ಕ್ಯಾಲೆಂಡರಿನಲ್ಲಿ ಹೊರಡುವ ದಿನಕ್ಕೆ ಗುರುತು ಹಾಕಿ, ಹಾರುವ ದಿನಕ್ಕಲ್ಲ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಹೋಗುತ್ತದೆ. ತಂದೆಯವರಿಗೆ ಕಾರಿಗಿಂತ ಅದರಲ್ಲಿ ಕಾಲು ಚಾಚಲು ಜಾಗ ಜಾಸ್ತಿ.

ಈಗ ಫ್ಲೈಟ್. ನಿಮಗಿರುವುದು ಮುಖ್ಯವಾಗಿ ಎರಡು ದಾರಿ. ಒಂದು ದುಬೈ ಅಥವಾ ದೋಹಾ ಮೂಲಕ. ನಾಲ್ಕು ಗಂಟೆ ಹಾರಿ ಇಳಿದು, ಮತ್ತೆ ಆರು ಗಂಟೆ. ಇನ್ನೊಂದು ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ. ಇದರಲ್ಲಿ ಮೊದಲ ಹಾರಾಟ ಉದ್ದ, ಒಂಬತ್ತು ಹತ್ತು ಗಂಟೆ. ಎರಡನೆಯದು ಚಿಕ್ಕದು, ಫ್ರಾಂಕ್‌ಫರ್ಟ್‌ನಿಂದಾದರೆ ಒಂದೇ ಗಂಟೆ. ದರ ಒಂದೇ ಆಸುಪಾಸಿನಲ್ಲಿದ್ದರೆ ನಾನು ನಿಮಗೆ ಗಲ್ಫ್ ದಾರಿಯನ್ನೇ ಹೇಳುತ್ತೇನೆ. ಮಂಡಿ ನೋವಿನವರಿಗೆ ಹತ್ತು ಗಂಟೆ ಒಂದೇ ಸಮ ಕೂರುವುದಕ್ಕಿಂತ ನಡುವೆ ಎದ್ದು ಓಡಾಡುವುದು ಒಳ್ಳೆಯದು. ಇನ್ನೊಂದು ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ದುಬೈ ದಾರಿಯಲ್ಲಿ ಇಮಿಗ್ರೇಷನ್ ಆಗುವುದು ಪ್ರಾಗ್‌ನಲ್ಲಿ. ಅಲ್ಲಿ ತಡವಾದರೂ ಹೋಟೆಲ್ ಓಡಿಹೋಗುವುದಿಲ್ಲ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಅದು ಆಗುವುದು ಫ್ರಾಂಕ್‌ಫರ್ಟ್‌ನಲ್ಲೇ, ಮುಂದಿನ ವಿಮಾನ ಹಿಡಿಯುವ ಗಡಿಬಿಡಿಯ ನಡುವೆ. ಯಾಕಂದರೆ ಶೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಕಾಲಿಟ್ಟ ಮೊದಲ ಜಾಗದಲ್ಲೇ ತಪಾಸಣೆ ಮುಗಿಯಬೇಕು. 2025ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ಪದ್ಧತಿಯೂ ಶುರುವಾಗಿದೆ, ಸಾಲು ಕೆಲವು ಸಲ ಉದ್ದ ಆಗುತ್ತದೆ. ಆ ದಾರಿ ಹಿಡಿದರೆ ನಡುವೆ ಎರಡೂವರೆ ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ. ವೆಬ್‌ಸೈಟ್ 55 ನಿಮಿಷದ ಕನೆಕ್ಷನ್ನನ್ನೂ ಧೈರ್ಯವಾಗಿ ತೋರಿಸುತ್ತದೆ. ಓಡಬೇಕಾದವರು ನೀವು, ಅದಲ್ಲ.

ಲಂಡನ್ ಮೂಲಕ ಹೋಗುವ ಟಿಕೆಟ್ ಅಗ್ಗಕ್ಕೆ ಕಂಡರೂ ಬೇಡ. ಬ್ರಿಟನ್ ಶೆಂಗೆನ್‌ನಲ್ಲಿಲ್ಲ. ಅಲ್ಲಿನ ಟ್ರಾನ್ಸಿಟ್ ನಿಯಮಗಳೇ ಬೇರೆ, ಸುಮ್ನೆ ಇನ್ನೊಂದು ತಲೆನೋವು.

ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ಕೊಂಡರೆ ನಾಲ್ಕೈದು ಸಾವಿರ ಉಳಿಯಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿಹೋದರೆ ಯಾರೂ ಕೇಳುವವರಿಲ್ಲ, ಲಗೇಜೂ ನೀವೇ ಇಳಿಸಿ ಹತ್ತಿಸಬೇಕು. ವಿಮಾನ ತಡವಾದ್ದಕ್ಕೆ ಪರಿಹಾರ ಕೊಡಿಸುವ ಯುರೋಪಿಯನ್ ಒಕ್ಕೂಟದ ನಿಯಮವೂ ನೆನಪಿರಲಿ. ಯುರೋಪಿನಿಂದ ಹೊರಡುವ ಎಲ್ಲ ವಿಮಾನಗಳಿಗೂ ಅದು ಅನ್ವಯಿಸುತ್ತದೆ. ಯುರೋಪಿಗೆ ಬರುವಾಗ ಮಾತ್ರ ಅಲ್ಲಿನ ಕಂಪನಿಯ ವಿಮಾನವಾಗಿದ್ದರೆ ಅಷ್ಟೇ. ದೂರದ ಹಾರಾಟಕ್ಕೆ ಒಬ್ಬರಿಗೆ 600 ಯೂರೋವರೆಗೆ ಸಿಗುತ್ತದೆ.

ದರಕ್ಕಿಂತ ಮೊದಲು ಇಳಿಯುವ ಹೊತ್ತು ನೋಡಿ. ಮಧ್ಯಾಹ್ನ ಇಳಿಯುವ ಟಿಕೆಟ್ಟಿಗೂ ರಾತ್ರಿ ಹನ್ನೊಂದಕ್ಕೆ ಇಳಿಯುವ ಟಿಕೆಟ್ಟಿಗೂ ಐದು ಸಾವಿರ ವ್ಯತ್ಯಾಸ ಇದ್ದರೆ ಮಧ್ಯಾಹ್ನದ್ದನ್ನೇ ಕೊಳ್ಳಿ. ಒಂದು ಸಂಜೆ, ಅದೂ ಮೊದಲ ಸಂಜೆ, ಅಷ್ಟು ಬಾಳುತ್ತದೆ.

ಬುಕ್ ಮಾಡುವಾಗಲೇ ತಂದೆಯವರಿಗೆ ವೀಲ್‌ಚೇರ್ ಸಹಾಯ ಕೇಳಿ. ನಾಚಿಕೆ ಬೇಡ. ದುಬೈ, ಫ್ರಾಂಕ್‌ಫರ್ಟ್ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಕಿಲೋಮೀಟರುಗಟ್ಟಲೆ ನಡೆಸುತ್ತಾರೆ. ಈ ಸೇವೆಗೆ ದುಡ್ಡಿಲ್ಲ. ಕಡೇಪಕ್ಷ 48 ಗಂಟೆ ಮೊದಲು ಹೇಳಿರಬೇಕು, ಅಷ್ಟೇ.

ವೀಸಾ. ಜೆಕ್ ದೇಶಕ್ಕೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು ಅಂತ ನಿಯಮ ಹೇಳುತ್ತದೆ, ಅದನ್ನು ನಂಬಿ ಕೂರಬೇಡಿ. ಬೇಸಿಗೆ ರಜೆಗೆ ಅರ್ಧ ಬೆಂಗಳೂರು ಯುರೋಪಿಗೆ ಹೊರಟಿರುತ್ತದೆ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜನವರಿಯಲ್ಲೇ ಶುರುಮಾಡಿ. ಶುಲ್ಕ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾಶುಲ್ಕ. ಮೊದಲ ಸಲ ಆದರೆ ಮೂವರೂ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಹಿಂದೆ ಕೊಟ್ಟಿದ್ದರೆ 59 ತಿಂಗಳು ಅದೇ ನಡೆಯುತ್ತದೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬಂದ ಮೇಲೂ ಮೂರು ತಿಂಗಳು ಬಾಕಿ ಇರಬೇಕು, ಎರಡು ಪುಟ ಖಾಲಿ ಇರಬೇಕು.

ಪ್ರಯಾಣ ವಿಮೆ ಕಡ್ಡಾಯ, ಕನಿಷ್ಠ 30,000 ಯೂರೋ ಮೊತ್ತಕ್ಕೆ. ನಿಮಗಿಬ್ಬರಿಗೆ ಅಗ್ಗದ್ದು ಸಾಕು. ತಂದೆಯವರದ್ದನ್ನು ಮಾತ್ರ ಕೂತು ಓದಿ. ಎಪ್ಪತ್ತು ದಾಟಿದ ಮೇಲೆ ಪ್ರೀಮಿಯಂ ಏರುತ್ತದೆ, ಮೊದಲೇ ಇರುವ ಬಿಪಿ, ಶುಗರ್‌ಗೆ ಎಷ್ಟು ಕೊಡುತ್ತಾರೆ ಅನ್ನುವುದು ಚಿಕ್ಕ ಅಕ್ಷರದಲ್ಲಿರುತ್ತದೆ. ಅವರ ಖರ್ಚು ನೀವು ನೋಡಿಕೊಳ್ಳುವುದಾದರೆ ಹಾಗಂತ ಪತ್ರ ಕೊಡಿ, ಜೊತೆಗೆ ಅವರ ಪಿಂಚಣಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟೂ ಇರಲಿ. ಅರ್ಜಿಗೆ ಹತ್ತು ದಿನ ಇರುವಾಗ ಖಾತೆಗೆ ಒಮ್ಮೆಲೇ ಲಕ್ಷಗಟ್ಟಲೆ ತುಂಬುವುದು ಬೇಡ. ಅಲ್ಲಿ ಕೂತವರು ಅದನ್ನು ದಿನಾ ನೋಡುತ್ತಾರೆ. ವೀಸಾ ಕೈಗೆ ಬರುವವರೆಗೆ ಹೋಟೆಲ್ಲೂ ಟಿಕೆಟ್ಟೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದೇ ಆಗಿರಲಿ.

ಹೋಟೆಲ್ ವಿಷಯದಲ್ಲಿ ನನ್ನದು ಒಂದೇ ಹಟ. ಹಳೇ ಪೇಟೆಯ ಚೌಕದ ಪಕ್ಕದಲ್ಲೇ ರೂಮು ಬೇಡ. ದುಬಾರಿ, ರಾತ್ರಿ ಗಲಾಟೆ, ಬೀದಿ ತುಂಬಾ ಕಲ್ಲು ಹಾಸು. ಚಕ್ರದ ಸೂಟ್‌ಕೇಸ್ ಎಳೆದರೆ ಕೈ ನಡುಗುತ್ತದೆ. ನಾಮ್ಯೆಸ್ತಿ ಮೀರು ಅನ್ನುವ ಚೌಕದ ಸುತ್ತಮುತ್ತ ನೋಡಿ. ಅದು ವಿನೋಹ್ರಾದಿ ಬಡಾವಣೆ, ಮರಗಳಿರುವ ಶಾಂತ ಬೀದಿಗಳು, ಊರಿನವರೇ ವಾಸ ಮಾಡುವ ಜಾಗ. ಮುಖ್ಯ ಕಾರಣ ಬೇರೆ: 22ನೇ ನಂಬರಿನ ಟ್ರಾಮ್ ಅಲ್ಲಿಂದ ಹತ್ತಿದರೆ ನ್ಯಾಷನಲ್ ಥಿಯೇಟರ್ ಮುಂದೆ ಹಾದು, ನದಿ ದಾಟಿ, ಮಲಾ ಸ್ತ್ರಾನಾ ಬಡಾವಣೆ ಸುತ್ತಿ, ಗುಡ್ಡ ಹತ್ತಿ ಕೋಟೆಯ ಹಿಂಬಾಗಿಲಿಗೇ ಬಿಡುತ್ತದೆ. ಪ್ರವಾಸಿಗರಿಗಾಗಿ ಮಾಡಿದ ಬಸ್ಸಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಜೇಬುಗಳ್ಳರಿಗೂ ಈ ಟ್ರಾಮ್ ಇಷ್ಟ, ಪರ್ಸು ಮುಂದಿನ ಜೇಬಿನಲ್ಲಿರಲಿ. ಟಿಕೆಟ್ ಕೊಂಡ ಮೇಲೆ ಹಳದಿ ಪೆಟ್ಟಿಗೆಯಲ್ಲಿ ತೂರಿಸಿ ಸಮಯ ಅಚ್ಚು ಹಾಕಿಸಬೇಕು. ಕೈಯಲ್ಲಿ ಟಿಕೆಟ್ ಇದ್ದೂ ಅಚ್ಚಿಲ್ಲದಿದ್ದರೆ ದಂಡ ಬೀಳುತ್ತದೆ. ಮೂರು ದಿನದ ಪಾಸ್ ಕೊಂಡರೆ ಒಂದೇ ಸಲ ಈ ಕೆಲಸ ಮುಗಿಯುತ್ತದೆ.

ಏರ್‌ಪೋರ್ಟಿನಿಂದ 59ನೇ ನಂಬರಿನ ಟ್ರಾಲಿಬಸ್ ಹತ್ತಿ, ಮೆಟ್ರೋದ ಎ ಲೈನ್ ಹಿಡಿದರೆ ನೇರ ನಾಮ್ಯೆಸ್ತಿ ಮೀರು. ನೀವಿಬ್ಬರೇ ಆಗಿದ್ದರೆ ಹಾಗೇ ಹೋಗಿ ಅನ್ನುತ್ತಿದ್ದೆ. ಆದರೆ ಆ ಸ್ಟೇಷನ್ ನೆಲದಿಂದ 53 ಮೀಟರ್ ಆಳದಲ್ಲಿದೆ. ಅದರ ಎಸ್ಕಲೇಟರ್ ಉದ್ದ 87 ಮೀಟರ್. ಪ್ರಾಗ್‌ನ ಎಸ್ಕಲೇಟರುಗಳು ನಮ್ಮ ಮಾಲುಗಳದ್ದಕ್ಕಿಂತ ಜೋರಾಗಿ ಬೇರೆ ಓಡುತ್ತವೆ. ಲಗೇಜ್ ಹಿಡಿದು ಹೆಜ್ಜೆ ಇಡುವುದು ತಂದೆಯವರಿಗೆ ಕಷ್ಟ. ಬರುವಾಗ, ಹೋಗುವಾಗ ಟ್ಯಾಕ್ಸಿ ಮಾಡಿ. ಉಬರ್, ಬೋಲ್ಟ್ ಎರಡೂ ಇವೆ.

ಶುಕ್ರವಾರ ಸಂಜೆ ದೊಡ್ಡ ಯೋಜನೆ ಬೇಡ. ಏಪ್ರಿಲ್ ಕೊನೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ ಏಳು ಅಂದರೆ ನಿಮ್ಮ ಮೈಗೆ ರಾತ್ರಿ ಹತ್ತೂವರೆ. ಹಳೇ ಪೇಟೆಯ ಚೌಕಕ್ಕೆ ಹೋಗಿ, ಖಗೋಳ ಗಡಿಯಾರ ನೋಡಿ, ಊಟ ಮಾಡಿ ಮಲಗಿ.

ಈ ಗಡಿಯಾರದ ಮುಂದೆ ಪ್ರತಿ ಗಂಟೆಗೂ ನೂರಾರು ಜನ ಫೋನ್ ಎತ್ತಿ ನಿಲ್ಲುತ್ತಾರೆ. ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಹಾದುಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. ಇಷ್ಟೇನಾ ಅಂತ ಜನ ಚದುರುತ್ತಾರೆ. ನಿಜವಾದ ಸೊಗಸು ಇರುವುದು ಆಮೇಲೆ, ಜನ ಹೋದ ಮೇಲೆ ಹತ್ತಿರ ನಿಂತು ಮುಖಫಲಕ ನೋಡುವುದರಲ್ಲಿ. 1410ರಲ್ಲಿ ಕಾದಾನ್ ಊರಿನ ಮಿಕುಲಾಶ್ ಮಾಡಿದ ಯಂತ್ರ ಅದು. ಚಿನ್ನದ ಸೂರ್ಯ ಇರುವ ಮುಳ್ಳು ಹೊತ್ತನ್ನೂ ತೋರಿಸುತ್ತದೆ, ಸೂರ್ಯ ಈಗ ಯಾವ ರಾಶಿಯಲ್ಲಿದ್ದಾನೆ ಅನ್ನುವುದನ್ನೂ ತೋರಿಸುತ್ತದೆ. ಅರ್ಧ ಬೆಳ್ಳಿ, ಅರ್ಧ ಕಪ್ಪು ಬಣ್ಣದ ಚಿಕ್ಕ ಗುಂಡು ತಿರುಗುತ್ತಾ ಚಂದ್ರನ ವೃದ್ಧಿ, ಕ್ಷಯ ತೋರಿಸುತ್ತದೆ. ಹೊರಗಿನ ಉಂಗುರದಲ್ಲಿ ಹಳೇ ಜೆಕ್ ಗಂಟೆಗಳಿವೆ, ಅವುಗಳ ಎಣಿಕೆ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಪಂಚಾಂಗ ನೋಡಿ ಬೆಳೆದವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಒಂದು ತಮಾಷೆಯೂ ಇದೆ. ನೀವು ಹೋಗುವ ಹೊತ್ತಿಗೆ ಗಡಿಯಾರದ ಸೂರ್ಯ ವೃಷಭದಲ್ಲಿರುತ್ತಾನೆ, ನಮ್ಮ ಪಂಚಾಂಗದಲ್ಲಿ ಇನ್ನೂ ಮೇಷದಲ್ಲೇ. ಗಡಿಯಾರ ಕೆಟ್ಟಿಲ್ಲ. ಅದು ಸಾಯನ ಲೆಕ್ಕ, ಅಂದರೆ ಋತುಗಳನ್ನು ಹಿಡಿದು ಎಣಿಸುವುದು. ನಮ್ಮದು ನಿರಯನ, ಅಂದರೆ ನಕ್ಷತ್ರಗಳನ್ನು ಹಿಡಿದು ಎಣಿಸುವುದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ. ಅದೇ ಗೋಪುರದ ಒಳಗೆ ಲಿಫ್ಟ್ ಇದೆ. ತಂದೆಯವರು ಊರನ್ನು ಮೇಲಿನಿಂದ ನೋಡಬೇಕಾದರೆ ಇದೇ ಸರಿಯಾದ ಜಾಗ. ಕೋಟೆಯ ಚರ್ಚಿನ ಗೋಪುರಕ್ಕೆ 287 ಮೆಟ್ಟಿಲು, ಲಿಫ್ಟ್ ಇಲ್ಲ.

ಶನಿವಾರ ಕೋಟೆ. ಯಾಕೆ ಶನಿವಾರವೇ? ಭಾನುವಾರ ಬೆಳಗ್ಗೆ ಸೇಂಟ್ ವೈಟಸ್ ಚರ್ಚಿನಲ್ಲಿ ಪ್ರಾರ್ಥನೆ, ಮಧ್ಯಾಹ್ನದವರೆಗೆ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಯಹೂದಿ ಬಡಾವಣೆಯ ಮ್ಯೂಸಿಯಂ ಶನಿವಾರ ಮುಚ್ಚಿರುತ್ತದೆ. ತಾಂತ್ರಿಕ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ಮೂರನ್ನೂ ಜೋಡಿಸಿ ನಾನು ಹಾಕಿದ ಕ್ರಮ ಇದು: ಶನಿವಾರ ಕೋಟೆ, ಭಾನುವಾರ ತಾಂತ್ರಿಕ ಮ್ಯೂಸಿಯಂ, ಸೋಮವಾರ ಯಹೂದಿ ಬಡಾವಣೆ. ಇದರಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ಯಾವುದೋ ಒಂದು ಬಾಗಿಲ ಮುಂದೆ ನಿಂತು ವಾಪಸ್ ಬರಬೇಕು.

ಕೋಟೆಗೆ ಎಲ್ಲರೂ ಕೆಳಗಿನ ಬೀದಿಯಿಂದ ಮೆಟ್ಟಿಲು ಹತ್ತಿ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. 22ನೇ ನಂಬರಿನ ಟ್ರಾಮ್ ಹತ್ತಿ ಪ್ರಾಜ್ಸ್ಕಿ ಹ್ರಾದ್ ಸ್ಟಾಪಿನಲ್ಲಿ ಇಳಿದರೆ ಐದಾರು ನಿಮಿಷ ಸಮತಟ್ಟಾದ ದಾರಿ, ಹಳೇ ಕಂದಕದ ಮೇಲಿನ ಸೇತುವೆ ದಾಟಿದರೆ ಕೋಟೆ. ಕಟ್ಟಡಗಳು ಒಂಬತ್ತಕ್ಕೆ ತೆರೆಯುತ್ತವೆ. ಭದ್ರತಾ ತಪಾಸಣೆ ಇರಬಹುದು, ಎಂಟೂಮುಕ್ಕಾಲಿಗೆ ಅಲ್ಲಿರಿ. ವಾಪಸ್ಸೂ ಅದೇ ದಾರಿಯಲ್ಲಿ ಬನ್ನಿ. ಇಳಿಜಾರೇ ತಾನೇ ಅಂತ ಮೆಟ್ಟಿಲ ದಾರಿ ಹಿಡಿದರೆ ಮಂಡಿ ಮಾತಾಡಲು ಶುರುಮಾಡುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ.

ಸೇಂಟ್ ವೈಟಸ್ ಚರ್ಚ್ ಕಟ್ಟಲು ಶುರುಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ಹಾಗಾಗಿ ಪೂರ್ವದ ಅರ್ಧ ನಿಜವಾದ ಮಧ್ಯಯುಗದ್ದು, ಪಶ್ಚಿಮದ ಅರ್ಧ ನಮ್ಮ ಅಜ್ಜಂದಿರ ಕಾಲದ್ದು. ಒಳಗೆ ಎಡಗಡೆ ಜೆಕ್ ಚಿತ್ರಕಾರ ಆಲ್ಫೋನ್ಸ್ ಮುಖಾ ಮಾಡಿದ ಬಣ್ಣದ ಗಾಜಿನ ಕಿಟಕಿ ಇದೆ. ಬೇರೆ ಕಿಟಕಿಗಳ ಹಾಗೆ ಬಣ್ಣದ ಚೂರುಗಳನ್ನು ಜೋಡಿಸಿದ್ದಲ್ಲ, ಗಾಜಿನ ಮೇಲೇ ಬರೆದದ್ದು. ಕೆಳಗಡೆ ಕಣ್ಣಿಟ್ಟು ನೋಡಿ, ದುಡ್ಡು ಕೊಟ್ಟ ಸ್ಲಾವಿಯಾ ಬ್ಯಾಂಕಿನ ಹೆಸರು ಕಾಣುತ್ತದೆ. ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಇರುವುದಿಲ್ಲವೇ, ಹಾಗೆ.

ಹಳೇ ಅರಮನೆಯ ವ್ಲಾದಿಸ್ಲಾವ್ ಹಾಲ್ ಬಿಡಬೇಡಿ. ಅದರ ಒಳಗೇ ಕುದುರೆ ಸವಾರರ ಪಂದ್ಯ ನಡೆಯುತ್ತಿತ್ತು. ಕುದುರೆ ಮೇಲೆ ಕೂತೇ ಹತ್ತಿ ಬರಲು ಅಗಲವಾದ ಮೆಟ್ಟಿಲುಗಳಿವೆ. ಪಕ್ಕದ ಕೋಣೆಯ ಕಿಟಕಿಯಿಂದಲೇ 1618ರ ಮೇ 23ರಂದು ಪ್ರೊಟೆಸ್ಟೆಂಟರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಹೊರಗೆಸೆದದ್ದು. ಮೂವರೂ ಬದುಕಿಕೊಂಡರು. ಮೇರಿ ಮಾತೆ ಕೈ ಹಿಡಿದಳು ಅಂತ ಒಂದು ಕಡೆಯವರು, ಕೆಳಗೆ ತಿಪ್ಪೆ ಇತ್ತು ಅಂತ ಇನ್ನೊಂದು ಕಡೆಯವರು. ಆ ಜಗಳ ಮೂವತ್ತು ವರ್ಷದ ಯುದ್ಧವಾಗಿ ಅರ್ಧ ಯುರೋಪನ್ನು ಸುಟ್ಟಿತು. ಕಿಟಕಿ ಮಾತ್ರ ತೀರಾ ಸಾಮಾನ್ಯ ಕಿಟಕಿ. ಕೋಟೆಯೊಳಗೇ ಇರುವ ಗೋಲ್ಡನ್ ಲೇನ್‌ನ ಗೊಂಬೆ ಮನೆಯಂಥ ಸಾಲಿನಲ್ಲಿ 22ನೇ ನಂಬರು ಲೇಖಕ ಕಾಫ್ಕಾ ಕೂತು ಬರೆದ ಮನೆ. ಜನ ಕಿಕ್ಕಿರಿದಿದ್ದರೆ ಹೊರಗಿನಿಂದಲೇ ನೋಡಿ ಬನ್ನಿ, ನಷ್ಟ ಇಲ್ಲ.

ಭಾನುವಾರ ತಂದೆಯವರ ದಿನ. ಜಾವಾ ಹುಟ್ಟಿದ್ದು ಪ್ರಾಗ್‌ನಲ್ಲೇ, 1929ರಲ್ಲಿ. ಫ್ರಾಂತಿಶೆಕ್ ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿನ್ಯಾಸ ಕೊಂಡುಕೊಂಡರು. ಯಾನೆಚೆಕ್‌ನ (Janeček) ಮೊದಲ ಎರಡಕ್ಷರ, ವಾಂಡರರ್‌ನ (Wanderer) ಮೊದಲ ಎರಡಕ್ಷರ ಸೇರಿ ಆ ಹೆಸರು (Jawa). ಅಲ್ಲಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿವರೆಗಿನ ಕತೆ, ಯೆಜ್ಡಿ ಆದದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಇದೆಲ್ಲ ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಲೆತ್ನಾ ಗುಡ್ಡದ ಮೇಲಿರುವ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂಗೆ ಅವರನ್ನು ಕರೆದುಕೊಂಡು ಹೋಗಿ. ಸಾರಿಗೆ ವಿಭಾಗದ ದೊಡ್ಡ ಹಾಲಿನಲ್ಲಿ ಹಳೇ ಕಾರು, ಮೋಟಾರ್ ಸೈಕಲ್, ರೈಲು ಎಂಜಿನ್ ಕೆಳಗೆ, ವಿಮಾನಗಳು ತಲೆಯ ಮೇಲೆ ತೂಗಾಡುತ್ತಿರುತ್ತವೆ. ಫ್ಯಾಕ್ಟರಿಯಲ್ಲಿ ದುಡಿದವರಿಗೆ ಅರಮನೆಗಿಂತ ಇದೇ ಹಿಡಿಸುತ್ತದೆ. ಎರಡು ಗಂಟೆ ಅಂದುಕೊಂಡು ಹೋಗಿ, ಮೂರೂವರೆ ಆದರೆ ಬೇಗ ಮಾಡಿ ಅನ್ನಬೇಡಿ. ಆಮೇಲೆ ಪಕ್ಕದ ಲೆತ್ನಾ ಪಾರ್ಕಿನ ಅಂಚಿಗೆ ಬಂದರೆ ವಲ್ತಾವಾ ನದಿ, ಅದರ ಮೇಲೆ ಸಾಲಾಗಿ ಸೇತುವೆಗಳು ಕಾಣುತ್ತವೆ. ಬೆಂಚುಗಳಿವೆ.

ಸೋಮವಾರ ಬೆಳಗ್ಗೆ ಆರೂವರೆಗೆಲ್ಲ ಚಾರ್ಲ್ಸ್ ಸೇತುವೆ ಮೇಲಿರಿ. ಹತ್ತು ಗಂಟೆ ಆದ ಮೇಲೆ ಅಲ್ಲಿ ನಡೆಯುವುದಲ್ಲ, ತಳ್ಳಿಸಿಕೊಂಡು ಹೋಗುವುದು. 516 ಮೀಟರ್ ಉದ್ದ, 16 ಕಮಾನು, 30 ಮೂರ್ತಿಗಳು. 1342ರ ಪ್ರವಾಹದಲ್ಲಿ ಹಿಂದಿನ ಸೇತುವೆ ಹಾಳಾದ ಮೇಲೆ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಇದಕ್ಕೆ 1357ರಲ್ಲಿ ಅಡಿಗಲ್ಲು ಹಾಕಿದ. ಅದಕ್ಕೆ ಮುಹೂರ್ತ ಇಟ್ಟಿದ್ದರು ಅಂತ ಕತೆ: 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷ. ಅಂಕಿಗಳನ್ನು ಸಾಲಾಗಿ ಬರೆದು ಹಿಂದುಮುಂದು ಓದಿ ನೋಡಿ, ಎರಡು ಕಡೆಯಿಂದಲೂ ಒಂದೇ.

ಹೋಟೆಲಿಗೆ ಬಂದು ತಿಂಡಿ ತಿಂದು ಯೋಸೆಫೋವ್, ಅಂದರೆ ಹಳೇ ಯಹೂದಿ ಬಡಾವಣೆ. ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ನಾತ್ಸಿಗಳು ಕೊಂದ ಬೊಹೀಮಿಯಾ, ಮೊರಾವಿಯಾದ (ಈಗಿನ ಜೆಕ್ ದೇಶದ ಭಾಗಗಳು) ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಊರು, ಮನೆತನದ ಹೆಸರು, ಆಮೇಲೆ ಒಬ್ಬೊಬ್ಬರ ಹೆಸರು, ತಾರೀಖು. 1950ರ ದಶಕದಲ್ಲಿ ಬರೆದದ್ದನ್ನು ಕಮ್ಯುನಿಸ್ಟ್ ಸರಕಾರದ ಕಾಲದಲ್ಲಿ ಅಳಿಸಿಹಾಕಿದ್ದರು. 1990ರ ದಶಕದಲ್ಲಿ ಮತ್ತೆ ಪೂರ್ತಿ ಬರೆದರು. ಪಕ್ಕದಲ್ಲೇ ಹಳೇ ಸ್ಮಶಾನ. ಜಾಗ ಸಾಲದೆ ಒಂದರ ಮೇಲೊಂದು ಮಣ್ಣಿನ ಪದರ ಹಾಕಿ ಹೂಳುತ್ತಾ ಹೋದರು. ಸುಮಾರು 12,000 ಕಲ್ಲುಗಳು ವಾಲಿಕೊಂಡು, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಪ್ರಾಗ್‌ನಲ್ಲಿ ಒಂದೇ ಜಾಗ ನೋಡಲು ಹೊತ್ತಿದೆ ಅಂತ ಯಾರಾದರೂ ಕೇಳಿದರೆ ನಾನು ಕೋಟೆ ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ವೆನ್ಸೆಸ್ಲಾಸ್ ಚೌಕ ಹೇಗೂ ದಾರಿಯಲ್ಲಿ ಸಿಗುತ್ತದೆ. 1989ರಲ್ಲಿ ಲಕ್ಷಾಂತರ ಜನ ಸೇರಿ ಕಮ್ಯುನಿಸ್ಟ್ ಆಡಳಿತ ಇಳಿಸಿದ್ದು ಅಲ್ಲೇ. ಈಗ ಅಂಗಡಿ ಬೀದಿ. ಕುತ್ನಾ ಹೋರಾದ ಮೂಳೆ ಚರ್ಚಿಗೆ ಹೋಗಿಬರಲು ಒಂದು ದಿನ ಬೇಕು, ಈ ಸಲ ಬಿಡಿ. ನಿಮ್ಮ ಪ್ರವಾಸ ಮೇ 1ಕ್ಕೆ ತಗುಲಿದರೆ ಪೆತ್ರ್‌ಜೀನ್ ಗುಡ್ಡದ ಕಡೆ ತಂದೆಯವರ ಜೊತೆ ಹೋಗುವ ಮುನ್ನ ಯೋಚಿಸಿ. ಅವತ್ತು ಹೂ ಬಿಟ್ಟ ಚೆರ್ರಿ ಮರದ ಕೆಳಗೆ ಮುತ್ತಿಡುವುದು ಅಲ್ಲಿನ ಸಂಪ್ರದಾಯ.

ದುಡ್ಡು. ಜೆಕ್ ದೇಶದಲ್ಲಿ ಯೂರೋ ಅಲ್ಲ, ಕೊರುನಾ. ನಮ್ಮಲ್ಲಿ ಸಿಗುವ ಫಾರೆಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕೊರುನಾ ಇರುವುದಿಲ್ಲ. ಯೂರೋ ತುಂಬಿಸಿ ಅಲ್ಲಿ ಉಜ್ಜಿದರೆ ಮತ್ತೊಂದು ಸುತ್ತು ಪರಿವರ್ತನೆ ಶುಲ್ಕ ಹೋಗುತ್ತದೆ. ವಿದೇಶಿ ಖರ್ಚಿಗೆ ಮಾರ್ಕಪ್ (ಬ್ಯಾಂಕು ಸೇರಿಸುವ ಹೆಚ್ಚುವರಿ ಶುಲ್ಕ) ಇಲ್ಲದ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಇದ್ದರೆ ಅದೇ ಒಳ್ಳೆಯದು. ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಮೆಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ, ಕೊರುನಾದಲ್ಲಾ" ಅಂತ ಕೇಳಿದರೆ ಯಾವಾಗಲೂ ಕೊರುನಾ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ನಗದು ಬೇಕಾದರೆ ನಿಜವಾದ ಬ್ಯಾಂಕಿನ ಎಟಿಎಂನಿಂದ ಸ್ವಲ್ಪ ತೆಗೆಯಿರಿ, ಶೌಚಾಲಯಕ್ಕೆ ಚಿಲ್ಲರೆ ಬೇಕಾಗುತ್ತದೆ. ಬೀದಿಯಲ್ಲಿ ಯಾರಾದರೂ ಬಂದು ಒಳ್ಳೇ ದರಕ್ಕೆ ಬದಲಾಯಿಸಿಕೊಡ್ತೀನಿ ಅಂದರೆ ಉತ್ತರವನ್ನೂ ಕೊಡಬೇಡಿ. ಕೈಗೆ ಬರುವುದು ಬೇರೆ ಯಾವುದೋ ದೇಶದ ಬೆಲೆಯಿಲ್ಲದ ನೋಟು. ಅಂಗಡಿಯಲ್ಲೇ ಬದಲಾಯಿಸಿ ಮೋಸ ಹೋದೆ ಅನ್ನಿಸಿದರೆ ರಶೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋಗಿ. 1,000 ಯೂರೋವರೆಗಿನ ವಹಿವಾಟು ರದ್ದು ಮಾಡಿಸುವ ಹಕ್ಕು 2019ರಿಂದ ಕಾನೂನಿನಲ್ಲೇ ಇದೆ.

ಊಟಕ್ಕೆ ಪರದಾಟ ಇಲ್ಲ. ಹುರಿದ ಚೀಸ್, ಆಲೂಗಡ್ಡೆ ಬೆಳ್ಳುಳ್ಳಿ ದೋಸೆ ಥರದ ಬ್ರಾಂಬೊರಾಕ್, ಹಣ್ಣು ತುಂಬಿದ ಕಡುಬಿನಂಥ ಕ್ನೆದ್ಲಿಕಿ ಸಿಗುತ್ತವೆ. ಬ್ರಾಂಬೊರಾಕ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಮೊಟ್ಟೆ ತಿನ್ನದಿದ್ದರೆ ಕೇಳಿಕೊಳ್ಳಿ. "ಬೆಜ್ ಮಾಸಾ" ಅಂದರೆ ಮಾಂಸ ಇಲ್ಲದ್ದು. ಸೂಪಿನ ಬಗ್ಗೆ ಮಾತ್ರ ಹುಷಾರು, ಅಣಬೆ ಸೂಪು ಅಂದರೂ ಕೆಳಗಿನ ಸಾರು ಮಾಂಸದ್ದಾಗಿರಬಹುದು. ನಡುವೆ ಅನ್ನ ಸಾರು ಬೇಕು ಅನ್ನಿಸಿದರೆ, ತಟ್ಟೆಯ ತೂಕಕ್ಕೆ ದುಡ್ಡು ತಗೊಳ್ಳುವ ಭಾರತೀಯ ಸಸ್ಯಾಹಾರಿ ಬಫೆಗಳು ಹಳೇ ಪೇಟೆಯ ಹತ್ತಿರವೇ ಇವೆ. ಬೀದಿ ಬೀದಿಯಲ್ಲಿ ಸುಡುವ ತ್ರ್‌ದೆಲ್ನಿಕ್ ಪ್ರಾಗ್‌ನ ಪುರಾತನ ತಿಂಡಿ ಅಂತ ಬೋರ್ಡಿದ್ದರೂ ನಂಬಬೇಡಿ, ಪ್ರವಾಸಿಗರ ಜೊತೆಗೇ ಬಂದದ್ದು ಅದು. ನೀರು ಕೇಳುವಾಗ "ನೆಪೆರ್ಲಿವಾ" ಅನ್ನಿ, ಇಲ್ಲದಿದ್ದರೆ ಸೋಡಾ ಬರುತ್ತದೆ. ನಲ್ಲಿ ನೀರೇ ಕುಡಿಯಬಹುದು.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ಧಾರಾಳವಾಗಿ ಒಯ್ಯಿರಿ. ತುಪ್ಪ, ಪನೀರ್, ಹಾಲಿನಪುಡಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಹಸಿ ಕರಿಬೇವೂ ಬೇಡ. ಏಪ್ರಿಲ್ ಅಲ್ವಾ, ಮಾವಿನಹಣ್ಣು ಇಡಬೇಕು ಅನ್ನಿಸುತ್ತದೆ, ಅದೂ ಬೇಡ. ಬಾಳೆಹಣ್ಣು, ತೆಂಗಿನಕಾಯಿಗೆ ಅಡ್ಡಿಯಿಲ್ಲ. ತಂದೆಯವರ ಮಾತ್ರೆಗಳು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ. ಬೆಳಗ್ಗೆ ಐದಾರು ಡಿಗ್ರಿ, ಮಧ್ಯಾಹ್ನ ಹದಿನೈದರ ಆಸುಪಾಸು. ಒಂದು ದಪ್ಪ ಜಾಕೆಟ್ಟಿಗಿಂತ ಎರಡು ತೆಳು ಸ್ವೆಟರ್, ಮೇಲೊಂದು ಮಳೆ ಕೋಟು ಸಾಕು. ಶೂ ಮಾತ್ರ ಹೊಸದು ಬೇಡ, ತಿಂಗಳು ಮೊದಲೇ ಕೊಂಡು ಹಾಕಿ ಓಡಾಡಿ ಪಳಗಿಸಿ.

ಮಂಗಳವಾರ ಹೊರಡುವಾಗ ಟರ್ಮಿನಲ್ ನೋಡಿಕೊಳ್ಳಿ. ದುಬೈ, ದೋಹಾ ಕಡೆಗಾದರೆ ಟರ್ಮಿನಲ್ 1, ಫ್ರಾಂಕ್‌ಫರ್ಟ್ ಕಡೆಗಾದರೆ ಟರ್ಮಿನಲ್ 2. ಎರಡೂ ಪಕ್ಕಪಕ್ಕದಲ್ಲೇ ಇವೆ, ಆದರೆ ವೀಲ್‌ಚೇರ್ ಕಾಯುತ್ತಿರುವುದು ಸರಿಯಾದ ಕಡೆ ಮಾತ್ರ. ಬೆಂಗಳೂರಿಗೆ ಇಳಿಯುವುದು ನಡುರಾತ್ರಿಯೇ ಆಗಿರಬಹುದು. ಆ ಹೊತ್ತಿನಲ್ಲಿ ನೀವೇ ಕಾರು ಓಡಿಸಿಕೊಂಡು ಮೈಸೂರಿಗೆ ಹೊರಡಬೇಡಿ. ನಿದ್ದೆಗೆಟ್ಟ ಕಣ್ಣಿಗೆ ಆ ಹೈವೇ ಒಳ್ಳೆಯದಲ್ಲ. ಬೆಳಗಿನ ಫ್ಲೈಬಸ್ಸಿಗೆ ಈಗಲೇ ಸೀಟ್ ಮಾಡಿಸಿ, ಬುಧವಾರದ ರಜೆಯನ್ನು ಆಫೀಸಿಗೆ ಬಿಟ್ಟುಕೊಡಬೇಡಿ.